ಬೀಗದ ಕೋಣೆಯಲ್ಲಿ ಮೂರನೆಯವನು

ಪರೀಕ್ಷೆಯ ಕೆಲಸವಿದ್ದ ದಿನ ಬ್ರೈಲ್ ಮುದ್ರಣಾಲಯದ ಹಿಂದಿನ ಕೋಣೆಗೆ ನೊಣ ಹೋಗಬೇಕಾದರೂ ಹೆಸರು ಬರೆಸಿ ಹೋಗಬೇಕು ಎಂದು ಗೇಟಿನ ಮಾಮ ತಮಾಷೆ ಮಾಡುತ್ತಿದ್ದ. ಮಾತು ತಮಾಷೆಯದಾದರೂ ನಿಯಮ ಹೆಚ್ಚುಕಡಿಮೆ ಹಾಗೇ ಇತ್ತು. ಒಳಗೆ ಇಬ್ಬರೇ ಇರಬೇಕು. ಮೊಬೈಲುಗಳನ್ನು ಮಾಮನ ಮೇಜಿನ ಖಾನೆಯಲ್ಲಿ ಬಿಟ್ಟು ಬರಬೇಕು. ಬಾಗಿಲಿಗೆ ಒಳಗಿನಿಂದ ಬೀಗ. ಊಟದ ಹೊತ್ತಿಗೆ ಮಾಮ ಬಂದು ಮೂರು ಸಲ ತಟ್ಟುವ ಮೊದಲೇ ಅದನ್ನು ತೆಗೆದರೆ, ಯಾಕೆ ತೆಗೆದಿರಿ, ಎಷ್ಟು ಹೊತ್ತಿಗೆ ತೆಗೆದಿರಿ ಎಂದು ದಪ್ಪ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಕಂಪ್ಯೂಟರಿಗೆ ಇಂಟರ್ನೆಟ್ ಕೂಡದು. ಅದರ ನೀಲಿ ತಂತಿಯನ್ನು ಸುರುಳಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಹೊರಗಿನವರೊಡನೆ ಮಾತಾಡಲು ಇದ್ದದ್ದು ಮೇಜಿನ ಮೂಲೆಯ ಹಳೆಯ ಕಪ್ಪು ಫೋನು, ಅದೂ ಬೆಂಕಿಗಿಂಕಿ ಬಿದ್ದರೆ ಇರಲಿ ಎಂದು.

ಒಳಗಿನ ಇಬ್ಬರಲ್ಲಿ ಒಬ್ಬಳು ಓದುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ ಮಾಡಿ ಮಾಡಿ ಅವಳಿಗೆ 'ಓದೋ ಅಕ್ಕ' ಎಂದೇ ಹೆಸರು ಬಿದ್ದಿತ್ತು. ಇನ್ನೊಬ್ಬರು ಮಾಸ್ತರು. ಹುಟ್ಟು ಕುರುಡರು, ಅಂಧಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಲೇ ಇಲ್ಲಿಗೂ ಬರುತ್ತಿದ್ದು, ಈಚೆಗೆ ಶಾಲೆಯಿಂದ ನಿವೃತ್ತರಾದವರು. ಪರದೆಯ ಮೇಲಿದ್ದುದನ್ನು ಅಕ್ಕ ಗಟ್ಟಿಯಾಗಿ ಓದುವಳು. ಯಂತ್ರ ಚುಕ್ಕಿ ಒತ್ತಿಕೊಟ್ಟ ದಪ್ಪ ಹಾಳೆಯ ಮೇಲೆ ಮಾಸ್ತರು ಬೆರಳಾಡಿಸುತ್ತ ಹಿಂಬಾಲಿಸುವರು. ಅಲ್ಪವಿರಾಮ ಬಂದರೆ ಅಲ್ಪವಿರಾಮ ಎನ್ನಬೇಕು. ತೆರವು ಬಂದರೆ ಖಾಲಿ ಜಾಗ ಎನ್ನಬೇಕು. ಕಣ್ಣಿಗೆ ಬಿದ್ದದ್ದು ನೇರ ಬಾಯಿಗೆ ಬರಬೇಕು, ನಡುವೆ ತಲೆ ಹಾಕುವಂತಿಲ್ಲ ಎಂಬುದು ಮೊದಲ ದಿನವೇ ಮಾಸ್ತರು ಹೇಳಿಕೊಟ್ಟ ಪಾಠ. ಮನೆಯಲ್ಲಿ ಔಷಧದ ಚೀಟಿಯನ್ನೂ ಅವಳು ಹಾಗೇ ಓದುತ್ತಾಳೆಂದು ಗಂಡ ನಗುತ್ತಿದ್ದ.

ಅಂದು ಅವರ ಮುಂದಿದ್ದದ್ದು ರಸಾಯನಶಾಸ್ತ್ರದ ಪತ್ರಿಕೆ. ಚಿತ್ರ ನೋಡಿ ಉತ್ತರಿಸುವ ಪ್ರಶ್ನೆಗಳನ್ನು ತೆಗೆದು, ಕಣ್ಣಿಲ್ಲದ ಮೂವತ್ತೊಂದು ಮಕ್ಕಳಿಗೆಂದೇ ಬೇರೆಯಾಗಿ ಮಾಡಿದ ಪತ್ರಿಕೆ. ಪರೀಕ್ಷೆ ನಾಳಿದ್ದು ಬೆಳಿಗ್ಗೆ. ಐದು ವರ್ಷದ ಹಿಂದೆ ಹೀಗೇ ಒಂದು ಪತ್ರಿಕೆ ಎಲ್ಲೋ ಸೋರಿ, ಪರೀಕ್ಷೆ ಮುಗಿದ ಮೇಲೆ ರದ್ದಾಗಿತ್ತು. ಮತ್ತೆ ಪರೀಕ್ಷೆ ಮಾಡುತ್ತೇವೆ ಎಂದವರು ಮಾಡಿದ್ದು ಮುಂದಿನ ವರ್ಷ. ಅಷ್ಟರಲ್ಲಿ ನಾಲ್ಕು ಮಕ್ಕಳು ಓದನ್ನೇ ಬಿಟ್ಟಿದ್ದರು. ಆ ನಾಲ್ವರ ಹೆಸರನ್ನೂ ಮಾಸ್ತರು ಈಗಲೂ ಹಾಜರಿ ಕೂಗಿದಂತೆ ಒಂದೇ ಉಸಿರಿಗೆ ಹೇಳುತ್ತಿದ್ದರು.

ಹದಿನೇಳನೆಯ ಪ್ರಶ್ನೆಯಲ್ಲಿ ಮಾಸ್ತರ ಬೆರಳು ನಿಂತಿತು.

"ಇದೇನಮ್ಮ, ಬಾಣ ಒಂದೇ ಕಡೆ ಹೋಗ್ತಿದೆ?"

"ಇಲ್ಲಿ ಎರಡೂ ಕಡೆ ಇದೆ ಮಾಸ್ತರೇ. ಹೋಗಿ ಬರೋ ಬಾಣ."

"ಹಾಗಾದ್ರೆ ಯಂತ್ರ ತಪ್ಪು ಒತ್ತಿದೆ. ಹೋಗಿ ಬರೋ ಬಾಣಕ್ಕೆ ಹೊಸದಾಗಿ ಬೇರೆ ಚುಕ್ಕಿ ಮಾಡಿದಾರಂತೆ, ಹೋದ ವರ್ಷ. ಮಕ್ಕಳು ಕಲಿತಿರೋದು ಆ ಹೊಸದನ್ನೇ. ಹೊಸ ಗುರುತುಗಳ ಪಟ್ಟಿ ಎಲ್ಲಿ?"

ಪಟ್ಟಿಯ ಪುಸ್ತಕ ಹೊರಗಿನ ಕಪಾಟಿನಲ್ಲಿತ್ತು. ಹೊರಗೆ ಹೋಗಬೇಕೆಂದರೆ ಬೀಗ ತೆಗೆಯಬೇಕು, ದಪ್ಪ ಪುಸ್ತಕದಲ್ಲಿ ಬರೆಯಬೇಕು, ಪುಸ್ತಕವನ್ನು ಒಳಗೆ ತರದೆ ಮರೆತದ್ದು ಯಾರೆಂದು ಹೇಳಬೇಕು. ಮರೆತದ್ದು ಅಕ್ಕ. ಬಾಗಿಲು ಎರಡು ಸಲ ಎಳೆದು ನೋಡುವವಳು, ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಹೋಗುವವಳು ಅಂದು ಬೆಳಿಗ್ಗೆ ಅದೊಂದನ್ನು ಮರೆತಿದ್ದಳು.

"ನೋಡಮ್ಮ ಎಲ್ಲಾದ್ರೂ. ಮಕ್ಕಳ ಬೆರಳಿಗೆ ತಪ್ಪು ಬಾಣ ಸಿಗಬಾರದು," ಎಂದರು ಮಾಸ್ತರು.

ಎರಡು ನಿಮಿಷದ ಮಾತು ತಾನೇ ಎಂದು ಅವಳು ಮೊಳೆಯಿಂದ ನೀಲಿ ತಂತಿ ತೆಗೆದು ಕಂಪ್ಯೂಟರಿಗೆ ಚುಚ್ಚಿದಳು.

ಹುಡುಕಿದಾಗ ಪಟ್ಟಿಗಳ ಹೆಸರು ಸಾಲಾಗಿ ಬಂದವು. ಮೂರನೆಯದನ್ನು ಒತ್ತಿದಳು. ಪುಟ ತೆರೆಯುವ ಬದಲು ಪರದೆ ಅಂಚಿನಿಂದ ಅಂಚಿಗೆ ಕೆಂಪಗಾಯಿತು. ಸೈರನ್ನಿನಂಥ ಸದ್ದು ಕೋಣೆಯ ಗೋಡೆಗಳಿಗೆ ಬಡಿಯತೊಡಗಿತು. ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಬಾಯಿ ಮಾತ್ರ ತನ್ನ ಕೆಲಸ ಬಿಡಲಿಲ್ಲ.

"ಎಚ್ಚರಿಕೆ ಆಶ್ಚರ್ಯಸೂಚಕ. ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ ಪೂರ್ಣವಿರಾಮ. ಆಫ್ ಮಾಡಬೇಡಿ ಅಲ್ಪವಿರಾಮ ಪುಟ ಮುಚ್ಚಬೇಡಿ ಪೂರ್ಣವಿರಾಮ. ಐದು ನಿಮಿಷದಲ್ಲಿ ನಿಮ್ಮ ಎಲ್ಲ ಕಡತಗಳೂ ಅಳಿಸಿಹೋಗುತ್ತವೆ..."

"ಏನಮ್ಮ ಅದು? ಯಾವ ಪ್ರಶ್ನೆ?"

"ಪ್ರಶ್ನೆ ಅಲ್ಲ ಮಾಸ್ತರೇ." "ಹೋಯ್ತು. ಎಲ್ಲ ಹೋಗತ್ತಂತೆ. ನಾಲ್ಕು ನಿಮಿಷ ಐವತ್ತು ಸೆಕೆಂಡು ಅಂತ ಲೆಕ್ಕ ಇಳೀತಾ ಇದೆ. ಒಂದು ಫೋನ್ ನಂಬರ್ ಕೊಟ್ಟಿದಾರೆ."

"ಮ್ಯಾನೇಜರಿಗೆ ಹೇಳೋಣ."

"ತಂತಿ ಹಾಕಿದ್ದು ಯಾರು ಅಂತ ಕೇಳ್ತಾರಲ್ಲ!"

ಆರು ದಿನದ ಕೆಲಸ ಆ ಕೆಂಪಿನ ಹಿಂದಿತ್ತು. ಯಾರಿಗೂ ಗೊತ್ತಾಗುವ ಮೊದಲು ಸರಿಹೋದರೆ ಸಾಕೆಂದು ಅವಳ ಕೈ ಕಪ್ಪು ಫೋನಿನತ್ತ ಚಾಚಿತು.

ಒಂದೇ ರಿಂಗಿಗೆ ಗಂಡಸಿನ ದನಿ ಬಂತು, ಜೇನಿನಲ್ಲಿ ಅದ್ದಿದಂತೆ. "ನಮಸ್ಕಾರ ಮೇಡಂ, ಸುರಕ್ಷತಾ ವಿಭಾಗಕ್ಕೆ ಸ್ವಾಗತ. ನೀವು ಸರಿಯಾದ ಹೊತ್ತಿಗೆ ಕರೆ ಮಾಡಿದೀರಿ. ಗಾಬರಿಯಾಗಬೇಡಿ. ನಿಮ್ಮ ಜೊತೆ ನಾನಿದೀನಿ. ಪಕ್ಕದಲ್ಲಿ ಬೇರೆ ಯಾರಾದ್ರೂ ಇದಾರಾ?"

"ಇಲ್ಲ," ಎಂದುಬಿಟ್ಟಳು. ಯಾಕೆ ಹಾಗೆಂದಳೋ. ಮಾಸ್ತರ ಹುಬ್ಬು ಮೇಲೇರಿತು.

ಅವನು ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದಳು. ಏನೋ ಇಳಿಯಿತು, ಏನೋ ತೆರೆಯಿತು. ಪರದೆಯ ನಡುವೆ ಬಿಳಿ ಚೌಕ, ಅದರಲ್ಲೊಂದು ಸಂಖ್ಯೆ.

"ಅದನ್ನ ಓದಿ ಮೇಡಂ."

"ಏಳು ನಾಲ್ಕು ಒಂದು ಖಾಲಿ ಜಾಗ ಸೊನ್ನೆ ಆರು ಆರು ಖಾಲಿ ಜಾಗ..."

ಅವನು ನಕ್ಕ. "ಖಾಲಿ ಜಾಗ ಬೇಡ ಮೇಡಂ, ಅಂಕಿ ಸಾಕು. ಎಷ್ಟು ಚೆನ್ನಾಗಿ ಓದ್ತೀರಿ! ಈಗ ಹಸಿರು ಗುಂಡಿ ಒತ್ತಿ."

ಒತ್ತಿದಳು. ಮೌಸಿನಿಂದ ಕೈ ತೆಗೆದಳು. ಬಾಣದ ಗುರುತು ಮಾತ್ರ ನಿಲ್ಲಲಿಲ್ಲ. ತಾನೇ ತಾನಾಗಿ ಪರದೆಯ ಮೇಲೆ ಜಾರಿ ಹೋಯಿತು, ಯಾರೋ ಮನೆಯೊಳಗೆ ಬಂದು ಚಪ್ಪಲಿ ಬಿಡದೆ ಕೋಣೆ ಕೋಣೆ ತಿರುಗುವಂತೆ. ಮೊದಲು ಸೈರನ್ ನಿಂತಿತು. ಆಮೇಲೆ ಕೆಂಪು ಪುಟ ಮಾಯವಾಯಿತು. ಅದರ ಹಿಂದೆ ತೆರೆದೇ ಇದ್ದ ಪ್ರಶ್ನೆಪತ್ರಿಕೆ ಬೆಳ್ಳಗೆ ಎದುರಿಗೆ ಬಂತು. ಹದಿನೇಳನೆಯ ಪ್ರಶ್ನೆ, ಹದಿನೆಂಟು, ಹತ್ತೊಂಬತ್ತು. ಬಾಣ ಆ ಪುಟದ ಮೇಲೆ ಸ್ವಲ್ಪ ಹೊತ್ತು ಅಲುಗದೆ ನಿಂತಿತು.

ಅಷ್ಟರಲ್ಲಿ ಪುಟದ ಮೇಲೊಂದು ಕಪ್ಪು ಚೌಕ ತೆರೆದುಕೊಂಡಿತು. ಅದರೊಳಗೆ ಬಿಳಿ ಅಕ್ಷರಗಳ ಸಾಲು ಮೇಲಕ್ಕೆ ಓಡತೊಡಗಿತು. "ನೋಡಿ ಮೇಡಂ, ಇವೆಲ್ಲ ವೈರಸ್. ಸಾವಿರಾರು. ನಿಮ್ಮಂಥವರು ಹೇಗೆ ಇಷ್ಟು ದಿನ ಸುಮ್ಮನಿದ್ರಿ?" ಎಂದ ಅವನು.

ಬೇರೆ ಯಾರಾದರೂ ಆ ಓಟ ಕಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರೇನೋ. ಅಕ್ಕನಿಗೆ ಅಕ್ಷರ ಕಂಡರೆ ಓದದೆ ಇರಲು ಬರುತ್ತಿರಲಿಲ್ಲ. ನಾಲ್ಕು ಸಾಲಿಗೊಂದು ಸಾಲು ಕಣ್ಣಿಗೆ ಸಿಕ್ಕಿತು. ಹೋದ ವರ್ಷದ ಸಮಾಜ ವಿಜ್ಞಾನ. ಪುಸ್ತಕ ಎರಡು ಭಾಗ ಮೂರು. ರಜೆ ಅರ್ಜಿ. ರಸಾಯನ ಅಂತಿಮ. ಇವು ವೈರಸ್ಸುಗಳೇನಲ್ಲ, ಅವಳೇ ಹೆಸರಿಟ್ಟ ಅವಳದೇ ಕಡತಗಳು!

ಅದೇ ಕ್ಷಣಕ್ಕೆ ಮಾಸ್ತರು ಅವಳ ತೋಳು ಹಿಡಿದರು. ಅವರು ಆಗಿನಿಂದ ರಿಸೀವರಿನ ಕಡೆಗೆ ಕಿವಿ ಚಾಚಿ ಕೂತಿದ್ದರು.

"ಅವನು ಮಾತಾಡ್ತಿಲ್ಲ," ಎಂದು ಪಿಸುಗುಟ್ಟಿದರು. "ಬರೆದಿಟ್ಟದ್ದನ್ನ ಓದ್ತಿದಾನೆ. ಅಲ್ಪವಿರಾಮ ಎಲ್ಲೆಲ್ಲಿದೆ ಅಂತ ನನಗೆ ಕೇಳಿಸ್ತಿದೆ. ಹಾಳೆ ತಿರುಗಿಸಿದ್ದೂ ಕೇಳಿಸ್ತು. ಅವನ ಹಿಂದೆ ಇನ್ನೂ ನಾಲ್ಕು ಜನ ಅದನ್ನೇ ಓದ್ತಿದಾರೆ, ಬೇರೆ ಯಾರಿಗೋ. ಗಾಬರಿಯಾಗಬೇಡಿ, ಗಾಬರಿಯಾಗಬೇಡಿ ಅಂತ, ಮಗ್ಗಿ ಒಪ್ಪಿಸೋ ತರಗತಿ ಹಾಗೆ. ತಂತಿ ಕೀಳಮ್ಮ!"

"ಯಾರೋ ಮಾತಾಡಿದ ಹಾಗಿತ್ತಲ್ಲ ಮೇಡಂ?" ಜೇನಿನ ದನಿ ಸ್ವಲ್ಪ ಗಡುಸಾಯಿತು. "ಈಗ ಏನನ್ನೂ ಮುಟ್ಟಬೇಡಿ. ಮುಟ್ಟಿದ್ರೆ ಎಲ್ಲ ಅಳಿಸಿಹೋಗತ್ತೆ, ನಾನು ಜವಾಬ್ದಾರನಲ್ಲ."

ಅವಳ ಕೈ ತಂತಿಯ ಮೇಲೆ ಹೋಗಿ ನಿಂತಿತು. ಎಲ್ಲ ಅಳಿಸಿಹೋದರೆ? ಆರು ದಿನ. ನಾಳಿದ್ದು ಪರೀಕ್ಷೆ.

"ಕೀಳು!" ಎಂದು ಮಾಸ್ತರು ಗದರಿದರು, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಗದರದ ಹಾಗೆ.

ಕಿತ್ತಳು. ಬಾಣ ಪರದೆಯ ನಡುವೆ ಸತ್ತ ಹುಳದಂತೆ ಬಿದ್ದುಕೊಂಡಿತು. ಫೋನಿಟ್ಟಳು. ಕಪ್ಪು ಚೌಕ ಮುಚ್ಚಿ ನೋಡಿದರೆ ಪತ್ರಿಕೆ ಒಂದಕ್ಷರ ಅಳಿಸದೆ ಹಾಗೇ ಇತ್ತು. ಅದು ಇದ್ದದ್ದೇ ಈಗ ಭಯವಾಗಿತ್ತು.

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು," ಎಂದಳು. "ಪತ್ರಿಕೆ ತೆರೆದೇ ಇತ್ತು ಮಾಸ್ತರೇ. ಅವನು ನೋಡಿದ."

"ಎಷ್ಟು ಹೊತ್ತು?"

"ಗೊತ್ತಿಲ್ಲ. ಅರ್ಧ ನಿಮಿಷ? ಆಮೇಲೆ ಕಪ್ಪು ಚೌಕ ಬಂತು. ಅದರ ಹಿಂದೆ ಏನೇನು ಮಾಡಿದ್ನೋ ಏನೋ. ನಕಲು ಮಾಡ್ಕೊಂಡ್ನೋ."

ಫೋನು ಹೊಡೆದುಕೊಂಡಿತು. ಇಬ್ಬರೂ ಬೆಚ್ಚಿದರು. ಮ್ಯಾನೇಜರಿರಬಹುದೆಂದು ಎತ್ತಿದಳು.

"ಯಾಕೆ ಮೇಡಂ ಕಟ್ ಮಾಡಿದ್ರಿ? ಕೆಲಸ ಅರ್ಧ ಆಗಿದೆ. ನಿಮ್ಮ ಕಡತಗಳು ಈಗ ನನ್ನ ಹತ್ತಿರ ಭದ್ರವಾಗಿವೆ. ಕಾರ್ಡ್ ನಂಬರ್ ಒಂದು ಹೇಳಿದ್ರೆ..."

ಇಟ್ಟಳು. ಮತ್ತೆ ಹೊಡೆದುಕೊಂಡಿತು. ಎತ್ತಿದರೆ ಅವನೇ, ಬಿಟ್ಟರೆ ಬಡಿತ. ನಿಮ್ಮ ಕಡತಗಳು ನನ್ನ ಹತ್ತಿರ ಎಂದನಲ್ಲ, ಅದೂ ಓದಿದ ಮಾತೋ, ನಿಜದ ಮಾತೋ?

ಮಾಸ್ತರು ನಿಧಾನವಾಗಿ, "ಅವನಿಗೆ ರಸಾಯನಶಾಸ್ತ್ರ ಕಟ್ಟಿಕೊಂಡು ಏನಾಗಬೇಕು? ಕಾರ್ಡ್ ನಂಬರ್ ಕೇಳೋನು ಪ್ರಶ್ನೆಪತ್ರಿಕೆ ಓದ್ತಾ ಕೂರ್ತಾನಾ? ಅದು ಏನು ಅಂತಲೇ ಅವನಿಗೆ ಗೊತ್ತಿರಲಿಕ್ಕಿಲ್ಲ," ಎಂದರು.

ಆ ಮಾತು ಬಿಸಿಲಲ್ಲಿ ಸಿಕ್ಕ ತಣ್ಣೀರಿನಂತಿತ್ತು. ಅಕ್ಕ ಅದನ್ನು ಗಟಗಟ ಕುಡಿಯಬಹುದಿತ್ತು. ತಂತಿ ಸುತ್ತಿ ಮೊಳೆಗೆ ಹಾಕಿದರೆ ಆಯಿತು. ನೋಡಿದವರಿಲ್ಲ. ಉಳಿದದ್ದು ಎರಡೇ ಪುಟ. ಸಂಜೆಗೆ ಮೊಹರು, ನಾಳಿದ್ದು ಪರೀಕ್ಷೆ, ಮಕ್ಕಳು ಬರೆದು ಮನೆಗೆ ಹೋಗುತ್ತಾರೆ. ಆಮೇಲೆ ಒಂದು ತಿಂಗಳೋ ಎರಡು ತಿಂಗಳೋ ಕಳೆದು ಆ ಪುಟ ಯಾರದೋ ಮೊಬೈಲಿನಲ್ಲಿ ಕಾಣಿಸಿಕೊಂಡರೆ?

"ಅವನು ನೋಡಿಲ್ಲ ಅಂತ ನೀವು ಸಹಿ ಹಾಕ್ತೀರಾ?" ಎಂದು ಕೇಳಿದಳು.

"ಏನು?"

"ಇಷ್ಟು ವರ್ಷದಲ್ಲಿ, ಚುಕ್ಕಿ ಇದ್ದರೂ ಇರಬಹುದು ಅಂತ ಊಹೆ ಮೇಲೆ ಒಂದು ಹಾಳೆಗಾದ್ರೂ ಸಹಿ ಹಾಕಿದೀರಾ ಮಾಸ್ತರೇ? ಬೆರಳಿಗೆ ಸಿಕ್ಕದೆ ಹಾಕಲ್ಲ ಅಂತೀರಲ್ಲ."

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮಾಸ್ತರ ಬೆರಳು ಹಾಳೆಯ ಮೇಲೆ ಆ ತಪ್ಪು ಬಾಣವನ್ನು ಮತ್ತೆ ಮತ್ತೆ ಸವರಿತು.

"ಆ ನಾಲ್ಕು ಮಕ್ಕಳು," ಎಂದರು ಕೊನೆಗೆ. ಹೆಸರು ಹೇಳಲಿಲ್ಲ. "ಹೋಗು. ಬೀಗ ತೆಗೆ."

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಬಾಗಿಲು ತೆರೆದದ್ದು ಕಂಡು ಗೇಟಿನ ಮಾಮ ಕುರ್ಚಿಯಿಂದ ಎದ್ದೇಬಿಟ್ಟ. "ಏನಕ್ಕ, ಇಷ್ಟು ಬೇಗ ಹಸಿವಾ?" ಎಂದವನು ಅವಳ ಮುಖ ನೋಡಿ ಬಾಯಿ ಮುಚ್ಚಿದ. ದಪ್ಪ ಪುಸ್ತಕವನ್ನೂ ಮೊಬೈಲನ್ನೂ ಒಟ್ಟಿಗೆ ಮುಂದಿಟ್ಟ. ಅವಳು ಮೊದಲು ಪರೀಕ್ಷಾಧಿಕಾರಿಗೆ ಕರೆ ಮಾಡಿದಳು, ಆಮೇಲೆ ಪುಸ್ತಕದಲ್ಲಿ ಬರೆದಳು. ಕಾರಣ ಎಂಬ ಕಾಲಮ್ಮಿನಲ್ಲಿ ಜಾಗ ಸಾಲದೆ ಅಕ್ಷರ ಅಂಚಿಗೆ ಹತ್ತಿದವು.

ಪರೀಕ್ಷಾಧಿಕಾರಿ ಮೇಡಂ ಮುಕ್ಕಾಲು ಗಂಟೆಯಲ್ಲಿ ಬಂದರು. ಕಂಕುಳಲ್ಲಿ ಮೊಹರು ಮಾಡಿದ ಲಕೋಟೆ, ಕೈಯಲ್ಲಿ ಬೇರೆ ಕಂಪ್ಯೂಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸುವಷ್ಟು ತಣ್ಣಗೆ ಎಲ್ಲವನ್ನೂ ಕೇಳಿದರು.

"ನಮ್ಮ ಕಂಪ್ಯೂಟರ್ ವಿಭಾಗದವರ ಹತ್ತಿರ ದಾರೀಲೇ ಮಾತಾಡಿದೆ," ಎಂದರು. "ಆ ಕೆಂಪು ಬರೀ ಒಂದು ಪುಟ ಅಂತೆ. ಯಾವ ವೈರಸ್ಸೂ ಇರಲಿಲ್ಲ. ಮುಚ್ಚಿದ್ರೆ ಹೋಗ್ತಿತ್ತು, ಮುಚ್ಚಕ್ಕಾಗದೇ ಇದ್ರೆ ಕಂಪ್ಯೂಟರ್ ಆರಿಸಿದ್ರೂ ಹೋಗ್ತಿತ್ತು. ಕಳ್ಳ ಒಳಗೆ ಬಂದದ್ದು ನೀವು ಫೋನ್ ಮಾಡಿ ಕರೆದ ಮೇಲೆ."

ಅಕ್ಕ ತಲೆಯಾಡಿಸಿದಳು. ಕೈಯಾರೆ ಬಾಗಿಲು ತೆಗೆದು ಒಳಗೆ ಬಾ ಎಂದಿದ್ದಳು. ಕುಳಿತುಕೋ ಎಂದು ಮಣೆಯನ್ನೂ ಹಾಕಿದ್ದಳು.

"ಈ ಪತ್ರಿಕೆ ರದ್ದು. ಎರಡನೇದು ತಂದಿದೀನಿ. ಪರೀಕ್ಷೆ ನಾಳಿದ್ದೇ ನಡೀಬೇಕು. ಇವತ್ತು, ನಾಳೆ, ಎರಡೇ ದಿನ." ಅವರು ಲಕೋಟೆಯನ್ನು ಮೇಜಿನ ಮೇಲಿಟ್ಟರು. "ನಿಯಮ ನಿಮಗೂ ಗೊತ್ತು. ನಿಯಮ ಮುರಿದವರು ಈ ಕೋಣೇಲಿ ಇರೋ ಹಾಗಿಲ್ಲ. ಇಂಟರ್ನೆಟ್ ತಂತಿ ಹಾಕಿದ್ದು ಯಾರು?"

ಮಾಸ್ತರು ಕುರ್ಚಿಯಲ್ಲಿ ನೆಟ್ಟಗಾದರು. ಗಂಟಲು ಸರಿಮಾಡಿಕೊಂಡರು. ಅಕ್ಕನಿಗೆ ತಿಳಿಯಿತು, ನೋಡು ಅಂದವನು ನಾನೇ ಎಂದು ಇವರು ಈಗ ಹೇಳುತ್ತಾರೆ. ಹೇಳಿದರೆ ಇವರೂ ಹೊರಗೆ. ರಸಾಯನದ ಗುರುತುಗಳನ್ನು ಬೆರಳಲ್ಲಿ ಓದಿ ತಪ್ಪು ಹಿಡಿಯುವವರು ಮುದ್ರಣಾಲಯದಲ್ಲಿ ಇನ್ನೊಬ್ಬರಿರಲಿಲ್ಲ. ಎರಡು ದಿನದಲ್ಲಿ ಎಲ್ಲಿಂದಲೂ ಸಿಗುವುದೂ ಇಲ್ಲ.

"ನಾನು," ಎಂದಳು ಅಕ್ಕ ಅವಸರವಾಗಿ. "ಫೋನ್ ಮಾಡಿದ್ದೂ ನಾನೇ. ಹಸಿರು ಗುಂಡಿ ಒತ್ತಿದ್ದೂ ನಾನೇ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮಾಸ್ತರು ಬಾಯಿ ತೆರೆಯುತ್ತಿದ್ದುದು ಕಂಡು ಮುಂದುವರಿದಳು: "ಮಾಸ್ತರಿಗೆ ಕಣ್ಣು ಕಾಣಲ್ಲವಲ್ಲ ಮೇಡಂ. ಅವರಿಗೇನು ಗೊತ್ತಾಗತ್ತೆ?"

ಆ ಮಾತನ್ನು ಮಾಸ್ತರು ಹುಟ್ಟಿದಂದಿನಿಂದ ಕೇಳಿದ್ದರು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಸ್ವಂತ ಅಣ್ಣನ ಮನೆಯಲ್ಲಿ. ಹಾಗೆಂದವರೊಡನೆ ಅವರು ಎರಡನೇ ಸಲ ಮಾತಾಡಿದ್ದನ್ನು ಅಕ್ಕ ಕಂಡಿರಲಿಲ್ಲ. ಅವಳ ಬಾಯಿಂದ ಅದು ಅವರಿಗೆ ಬಿದ್ದದ್ದು ಇದೇ ಮೊದಲು. ಕಿವಿ ಕೆಂಪಗಾಗಿ, ಮುಖ ಅವಳಿದ್ದ ಕಡೆಗೆ ತಿರುಗಿ, ಕೆಳದವಡೆ ಅಲುಗಿತು. ಅವಳು ನೆಲ ನೋಡುತ್ತ ನಿಂತಳು.

"ಹೌದು ಮೇಡಂ," ಎಂದರು ಮಾಸ್ತರು, ಒಂದೊಂದೇ ಪದವನ್ನು ಹಲ್ಲಿನ ನಡುವಿಂದ ಕಿತ್ತು ಹೊರಗಿಡುವಂತೆ. "ನಾನು ಕುರುಡ. ನನಗೇನು ಗೊತ್ತಾಗತ್ತೆ."

ಮೇಡಂ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ಪೆನ್ನು ತೆಗೆದು ಅಕ್ಕನ ಮುಂದೆ ಹಾಳೆಯೊಂದನ್ನು ಸರಿಸಿದರು. ಅವಳು ಸಹಿ ಹಾಕಿದಳು.

"ಓದೋದು ಯಾರು?" ಎಂದರು ಮಾಸ್ತರು.

"ನಾನೇ ಓದ್ತೀನಿ," ಎಂದರು ಮೇಡಂ. "ಬೇರೆ ಯಾರನ್ನ ನಂಬಲಿ ಈಗ?"

ಅಕ್ಕ ಚೀಲ ಎತ್ತಿಕೊಂಡಳು. ಮಾಸ್ತರ ಹತ್ತಿರ ಹೋಗಿ ಒಂದು ಮಾತು ಆಡಬೇಕೆನ್ನಿಸಿತು. ಆಡಲು ಸಿಕ್ಕ ಮಾತೆಲ್ಲ ಮೇಡಂ ಕೇಳಬಾರದವೇ ಆಗಿದ್ದವು. ಅವರ ನೀರಿನ ಲೋಟವನ್ನು ಕೈಗೆ ಸಿಗುವಷ್ಟು ಹತ್ತಿರ ಸರಿಸಿಟ್ಟು, ಹೊರಗೆ ಬಂದಳು. ಹಿಂದೆ ಬೀಗ ಬಿತ್ತು. ಆಗಲೂ ಫೋನು ಒಳಗೆ ಒಂದು ಸಲ ಹೊಡೆದುಕೊಂಡಿತು. ಮೇಡಂ ಅದರ ತಂತಿಯನ್ನೂ ಕಿತ್ತಿರಬೇಕು, ನಡುವೆಯೇ ನಿಂತಿತು.

ಮನೆಗೆ ಹೋಗಿ ಎಂದಿದ್ದರು. ಅವಳು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳು. ಮಾಮ ತನ್ನ ಡಬ್ಬಿಯ ಮುಚ್ಚಳದಲ್ಲಿ ಅವಳಿಗೆ ಅರ್ಧ ಊಟ ಹಾಕಿಕೊಟ್ಟ. ಇಪ್ಪತ್ತೆರಡು ವರ್ಷದ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಯೋಚಿಸಲು ಹೋದರೆ, ಮಾಸ್ತರ ಕೆಂಪಗಾದ ಕಿವಿಯೇ ಕಣ್ಣ ಮುಂದೆ ಬರುತ್ತಿತ್ತು.

ಮೂರು ಗಂಟೆಯ ಹೊತ್ತಿಗೆ ಒಳಗೆ ಯಂತ್ರ ಚುಕ್ಕಿ ಒತ್ತುವುದನ್ನು ನಿಲ್ಲಿಸಿತು. ಕಿಟಕಿಯ ಮೇಲಿನ ಗಾಳಿಕಂಡಿಯಿಂದ ಮೇಡಂ ದನಿ ಹೊರಬಂತು, ಸಭೆಯಲ್ಲಿ ವರದಿ ಓದುವವರಂತೆ, ಸರಸರನೆ.

"ನಿಲ್ಲಿ, ನಿಲ್ಲಿ!" ಮಾಸ್ತರ ದನಿ. "ರೈಲೇನೂ ಹೊರಟುಹೋಗ್ತಿಲ್ಲ ಮೇಡಂ. ಅಲ್ಪವಿರಾಮ ಎಲ್ಲಿ ನುಂಗಿದ್ರಿ? ಮೊದಲಿಂದ ಓದಿ."

ಮೇಡಂ ಮೊದಲಿನಿಂದ ಶುರುಮಾಡಿದರು. "ಪ್ರಶ್ನೆ ಒಂದು ಪೂರ್ಣವಿರಾಮ. ಕೆಳಗಿನ..."

ಅಕ್ಕ ಎದ್ದಳು. ಅವಳು ಕೇಳಬಾರದ ಪ್ರಶ್ನೆ ಅದು. ಅಂಗಳ ದಾಟಿ, ಹಳೆಯ ಕಾಗದದ ರಾಶಿ ದಾಟಿ, ಹಿಂದಿನ ಗೋಡೆಯವರೆಗೂ ಹೋದಳು. ಅಲ್ಲಿಗೆ ದನಿ ಮಾತ್ರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಆ ದನಿ ನಿಲ್ಲದೆ ಮುಂದುವರಿಯುತ್ತಿದೆಯೇ ಎಂದಷ್ಟೇ ಗಮನವಿಟ್ಟು ಕೇಳತೊಡಗಿದಳು.